ಮೈದಾನದ ಬೀಗ

ಗೋವಿಂದರಾಜನಗರ
ಗುರುವಾರ

ದೇವಸ್ಥಾನ ಸಮಿತಿಯ ಅಧ್ಯಕ್ಷರಾದ ದೊಡ್ಡಹನುಮಯ್ಯನವರಿಗೆ, ಫುಟ್‌ಬಾಲ್ ಕೋಚ್ ರಾಜೇಂದ್ರ ಅವರ ಮನೆಯಾಕೆ ಪುಟ್ಟಗೌರಮ್ಮ ಮಾಡುವ ನಮಸ್ಕಾರಗಳು.

ಮಕ್ಕಳ ಚೆಂಡು ಬಡಿದು ಗುಡಿಯ ದೀಪದ ಗಾಜು ಒಡೆದದ್ದು ನಿಜ. ಹೊಸ ಗಾಜು ತಂದು ಅರ್ಚಕರ ಕೈಗೆ ಕೊಟ್ಟಿದ್ದೇನೆ. ಆದರೆ "ಕಾಲಲ್ಲಿ ಒದೆಯೋ ಆಟ ದೇವರೆದುರು ಬೇಡ ಕಣಮ್ಮ" ಎಂದು ನೀವು ಪಕ್ಕದ ಮೈದಾನಕ್ಕೆ ಬೀಗ ಹಾಕಿಸಿದ್ದು ನನಗೆ ಸರಿ ಕಾಣಲಿಲ್ಲ. ಸೂರ್ಯನನ್ನೇ ಹಣ್ಣೆಂದು ಹಾರಿದ ಆಂಜನೇಯಸ್ವಾಮಿ ಒಂದು ಚೆಂಡಿಗೆ ಮುನಿಯುತ್ತಾನೆಯೇ?

ನಮ್ಮ ಯಜಮಾನರು ಹದಿನಾಲ್ಕು ವರ್ಷ ದೊಡ್ಡ ಕ್ಲಬ್ಬುಗಳಿಗೆ ಆಡಿದವರು. ಮಂಡಿಗೆ ಪೆಟ್ಟು ಬಿದ್ದು ಆಟ ನಿಂತ ಮೇಲೆ ಎರಡು ವರ್ಷ ಹೊಸಿಲು ದಾಟಲಿಲ್ಲ. ನಾನು ಪ್ರತಿ ಶನಿವಾರ ಸ್ವಾಮಿಗೆ ಪ್ರದಕ್ಷಿಣೆ ಹಾಕಿದೆ. ಒಂದು ಬೆಳಗ್ಗೆ ಮಕ್ಕಳ ಚೆಂಡು ನಮ್ಮ ಕಾಂಪೌಂಡಿಗೆ ಬಿತ್ತು. ಅದನ್ನು ಕೊಡಲು ಹೋದವರು ಊಟದ ಹೊತ್ತಿಗೆ ಬಂದರು. ಅಂದಿನಿಂದ ಆ ಮಕ್ಕಳಿಗೆ ಅವರೇ ಕೋಚ್. "ಏ ಸ್ಪಂದನಾ, ಚೆಂಡು ನೋಡ್ತಾ ನಿಂತ್ಕೋಬೇಡ ಕಣೇ, ತಲೆ ಎತ್ತು!" ಎಂಬ ಅವರ ಕೂಗೇ ನನಗೆ ಸುಪ್ರಭಾತ. ಮೂರು ದಿನದಿಂದ ಅದು ಕೇಳುತ್ತಿಲ್ಲ. ಒರೆಸಿದ ಬೂಟನ್ನೇ ಮತ್ತೆ ಒರೆಸುತ್ತಾ ಕೂತಿರುತ್ತಾರೆ.

ಬೆಳಗ್ಗೆ ಆರರಿಂದ ಎಂಟರವರೆಗೆ ಮೈದಾನ ಬಿಟ್ಟುಕೊಡಿ. ಗೋಲ್‌ಪೋಸ್ಟನ್ನು ಗುಡಿಯ ಕಡೆಯಿಂದ ಕಿತ್ತು ಆಚೆ ಬದಿಗೆ ನೆಡಿಸುವುದು ನನ್ನ ಜವಾಬ್ದಾರಿ. ಈ ಪತ್ರದ ವಿಷಯ ಅವರಿಗೆ ತಿಳಿಸಬೇಡಿ. ಅವರು ರೆಫರಿಯನ್ನೂ ಬೇಡಿಕೊಂಡವರಲ್ಲ.

ಶನಿವಾರ ಆರು ಗಂಟೆಗೆ ಎಂದಿನಂತೆ ಪ್ರದಕ್ಷಿಣೆಗೆ ಬರುತ್ತೇನೆ. ಮೈದಾನದ ಗೇಟು ತೆಗೆದಿದ್ದರೆ ಅದೇ ನಿಮ್ಮ ಉತ್ತರ ಎಂದುಕೊಳ್ಳುತ್ತೇನೆ. ತೆಗೆದಿರುತ್ತದೆ ಎಂದು ಮಕ್ಕಳಿಗೆ ಆಗಲೇ ಹೇಳಿಬಿಟ್ಟಿದ್ದೇನೆ.

ಇತಿ, ಸ್ವಾಮಿಯನ್ನೂ ನಿಮ್ಮನ್ನೂ ನಂಬಿರುವ
ಪುಟ್ಟಗೌರಮ್ಮ