ಅಳು ಕೇಳುವ ವಾಚು

ಮನೆ, ಅಡುಗೆಕೋಣೆಯ ಮೇಜು
ಬುಧವಾರ, ಮಾರ್ಚ್ ೬

ಪ್ರೀತಿಯ ಬಟಾಣಿ,

ಹೇಗಿದ್ದೀಯ? ಕಾಲಿನ ಊತ ಇಳಿಯಿತೇ? ಬೋರಲಾಗಿ ಮಲಗುವ ನಿನ್ನ ಹಳೇ ಚಾಳಿಗೆ ಹೊಟ್ಟೆಯಲ್ಲಿರುವವರೇ ಈಗ ತಡೆ ಹಾಕಿರಬೇಕು. ಹೊತ್ತು ಹೊತ್ತಿಗೆ ಊಟ ಮಾಡು, ನಿಂತುಕೊಂಡು ತಿನ್ನಬೇಡ. ಅಳಿಯಂದಿರಿಗೆ ರಾತ್ರಿ ಪಾಳಿ ಇನ್ನೂ ಮುಂದುವರಿದಿದೆಯೆಂದು ನಿಮ್ಮಪ್ಪ ಹೇಳಿದರು, ಅಂದರೆ ಹಾಲಿನ ಪ್ಯಾಕೆಟ್ಟಿನ ಮೇಲೆ ಬರೆದು ತೋರಿಸಿದರು. ಈಗ ನಮ್ಮನೆಯಲ್ಲಿ ಬರೆಯದೆ ಉಳಿದ ಜಾಗವೇ ಇಲ್ಲ. ಅವರಿಗೊಂದು ನೋಟುಬುಕ್ಕು ತರೋಣವೆಂದರೆ ಬೇಡವಂತೆ, ಅದು ಆಸ್ಪತ್ರೆಯ ಹಾಗೆ ಕಾಣುತ್ತದಂತೆ.

ನಮ್ಮ ಕಡೆ ಎಲ್ಲ ಮಾಮೂಲು. ಆ ಜ್ವರದಲ್ಲಿ ನನಗೆ ಬಲಗಿವಿ ಪೂರ್ತಿ ಹೋಯಿತು, ಎಡಗಿವಿಗೆ ಮಷೀನು ಹಾಕಿಕೊಂಡರೆ ಯಾರೋ ನೀರಿನೊಳಗಿಂದ ಮಾತಾಡಿದಷ್ಟು ಕೇಳುತ್ತದೆ. ಜ್ವರ ಬಿಟ್ಟ ಮೇಲೆ ಅಳುತ್ತೇನೇನೋ ಎಂದು ನಿಮ್ಮಪ್ಪ ಕೆಲವು ದಿನ ನನ್ನ ಹಿಂದೆ ಹಿಂದೆಯೇ ಓಡಾಡಿದರು. ನಾನು ಅಳಲಿಲ್ಲ. ಅಳಬೇಕು ಅನ್ನಿಸಲೂ ಇಲ್ಲ. ಹಲ್ಲು ಕೀಳಿಸಲು ಇಂಜೆಕ್ಷನ್ ಕೊಟ್ಟಾಗ ದವಡೆ ನಮ್ಮದಲ್ಲದ ಹಾಗಾಗುತ್ತದಲ್ಲ, ನನಗೆ ಮೈಯೆಲ್ಲ ಹಾಗೆಯೇ ಆಗಿದೆ. ಲಾಂಡ್ರಿಯಲ್ಲಿ ನನ್ನನ್ನು ಡ್ರೈಯರಿನಿಂದ ಮಡಚುವ ಮೇಜಿಗೆ ಹಾಕಿದ್ದಾರೆ, ಡ್ರೈಯರಿನ ಗಂಟೆ ನನಗೆ ಕೇಳುವುದಿಲ್ಲವೆಂದು. ಮೇಲ್ವಿಚಾರಕಿ ಮುಖ ಸಪ್ಪೆ ಮಾಡಿಕೊಂಡು ಬಂದು ತಿಳಿಸಿದಳು. ನಾನು ಹೂಂ ಎಂದು ಬೆಡ್‌ಶೀಟು ಮಡಚತೊಡಗಿದೆ. ಹೋಟೆಲಿನವರ ಬೆಡ್‌ಶೀಟು ನಾಲ್ಕು ಮೂಲೆಗೂ ಒಂದೇ ಥರ, ತಲೆ ಓಡಿಸಬೇಕಾಗಿಲ್ಲ.

ನೀನು ಮೆಸೇಜಿನಲ್ಲಿ ಕೇಳಿದೆ, "ಮಗು ಹುಟ್ಟಿದಾಗ ನೀನೇ ಬರ್ತೀಯ ತಾನೇ ಅಮ್ಮಾ?" ಎಂದು. ಎಷ್ಟೋ ದಿನದಿಂದ ಉತ್ತರ ಕೊಟ್ಟಿಲ್ಲ. ಮರೆತು ಸುಮ್ಮನಿದ್ದದ್ದಲ್ಲ. ರಾತ್ರಿ ಅಳಿಯಂದಿರು ಕೆಲಸಕ್ಕೆ ಹೋಗಿರುತ್ತಾರೆ. ನೀನು ಬಳಲಿ ಮಲಗಿರುತ್ತೀಯ. ನಾನು ಕಿವಿಯ ಮಷೀನು ತೆಗೆದಿಟ್ಟು ಮಲಗಬೇಕು, ಹಾಕಿಕೊಂಡು ಮಲಗಿದರೆ ಕಿವಿ ಹುಣ್ಣಾಗುತ್ತದೆ. ತೊಟ್ಟಿಲಲ್ಲಿ ಮಗು ಕಿರುಚಿದರೆ ನಾನು ಪಕ್ಕದಲ್ಲೇ ದಿಂಬಿನ ಹಾಗೆ ಬಿದ್ದಿರುತ್ತೇನೆ. ಇದನ್ನು ಫೋನಿನಲ್ಲಿ ಬೆರಳಿನಿಂದ ಕುಟ್ಟಿ ಹೇಳಲು ನನ್ನಿಂದ ಆಗಲಿಲ್ಲ, ಅದಕ್ಕೇ ಕಾಗದ.

ಕಿವಿ ಪರೀಕ್ಷೆ ಮಾಡುವ ಹೆಂಗಸು ಒಂದು ದಾರಿ ಹೇಳಿದಳು. ಫೋನು ಮಗುವಿನ ಅಳುವನ್ನು ಗುರುತು ಹಿಡಿಯುತ್ತದಂತೆ, ಕೈಗೆ ಕಟ್ಟಿದ ಸ್ಮಾರ್ಟ್‌ವಾಚಿಗೆ ಸುದ್ದಿ ಮುಟ್ಟಿಸುತ್ತದಂತೆ, ವಾಚು ನಡುಗಿ ನಮ್ಮನ್ನು ಎಬ್ಬಿಸುತ್ತದಂತೆ. ಎಲ್ಲ ವಾಚಿನಲ್ಲೂ ಆಗುವುದಿಲ್ಲ, ನೋಡಿ ಕೊಳ್ಳಿ ಎಂದಳು. ಹೋದ ತಿಂಗಳು ಒಂದು ಭಾನುವಾರ ನಿಮ್ಮಪ್ಪನೂ ನಾನೂ ಅಂಗಡಿಗೆ ಹೋದೆವು. ಗಾಜಿನ ಪೆಟ್ಟಿಗೆಯ ತುಂಬ ವಾಚು. ಅಂಗಡಿಯ ಹುಡುಗಿ ಬಹಳ ಉತ್ಸಾಹದವಳು. ಅವಳ ಮಾತು ಅಕ್ಷರವಾಗಿ ಬರುವಂತೆ ಫೋನನ್ನು ನಡುವೆ ಇಟ್ಟಿದ್ದೆ. ನಡೆದದ್ದು, ಹತ್ತಿದ್ದು, ಈಜಿದ್ದು, ನಿದ್ದೆ ಮಾಡಿದ್ದು ಎಲ್ಲವನ್ನೂ ಲೆಕ್ಕ ಇಡುತ್ತದೆ ಅಂದಳು. ನಾನು ಈಜಿದ್ದನ್ನು ನೋಡಿದವರು ಯಾರಿದ್ದಾರೆ? ನಿಮ್ಮಪ್ಪ ವಾಚಿನ ಬೆಲ್ಟನ್ನು ಎಳೆದು ನೋಡಿ ಪಟ್ಟಿ ಗಟ್ಟಿ ಇದೆಯಾ ಎಂದು ಕೇಳಿದರೆ ಫೋನು "ಬುಟ್ಟಿ ಗಟ್ಟಿ ಇದೆಯಾ" ಎಂದು ಬರೆಯಿತು. ಹುಡುಗಿ ನಕ್ಕಳು, ನಿಮ್ಮಪ್ಪ ನಕ್ಕರು. ಮೊದಲಾಗಿದ್ದರೆ ನಾನು ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ. ಇದು ನಗುವ ಮಾತು ಎಂದು ಗೊತ್ತಾಯಿತು, ಅಷ್ಟೇ.

ಒಂದು ವಾಚು ವಾರಗಟ್ಟಲೆ ಚಾರ್ಜು ಬೇಡದ್ದು, ನಿಮ್ಮಪ್ಪನಿಗೆ ಅದೇ ಮನಸ್ಸಿಗೆ ಬಂತು. ಆದರೆ ಅದಕ್ಕೆ ಅಳುವಿನ ಸುದ್ದಿ ತಲುಪುವುದಿಲ್ಲ. ಸುದ್ದಿ ತಲುಪುವ ವಾಚುಗಳಿಗೆ ದಿನಾ ಚಾರ್ಜು ಬೇಕು. ಎಲ್ಲರೂ ಮಲಗುವಾಗ ಬಿಚ್ಚಿ ಚಾರ್ಜಿಗೆ ಹಾಕುತ್ತಾರೆ, ನನಗೆ ಬೇಕಾಗಿರುವುದೇ ಆಗ. ಸಂಜೆ ಅಡುಗೆ ಮಾಡುವಾಗ ಹಾಕಿಬಿಡುವುದು ಎಂದು ತೀರ್ಮಾನಿಸಿದೆವು. ಹೆಂಗಸರು ಇದನ್ನೇ ಒಯ್ಯುತ್ತಾರೆ ಎಂದು ಹುಡುಗಿ ತಾಮ್ರದ ಬಣ್ಣದ ತೆಳ್ಳಗಿನದೊಂದನ್ನು ನನ್ನ ಮಣಿಕಟ್ಟಿಗೆ ಕಟ್ಟಿದಳು. ನಡುಗಿಸಿದಾಗ ಇರುವೆ ಹರಿದ ಹಾಗಾಯಿತು. ಇರುವೆಗೆ ಎಚ್ಚರವಾಗುವವಳಲ್ಲ ನಾನು. ಒಂದಾದ ಮೇಲೊಂದು ಕಟ್ಟಿ ನೋಡಿ, ಕೊನೆಗೆ ಗಂಡಸರ ದಪ್ಪನೆಯ ಕಪ್ಪು ವಾಚು ಆರಿಸಿದೆ. ಅದು ನಡುಗಿದರೆ ಮೊಣಕೈವರೆಗೆ ಗೊತ್ತಾಗುತ್ತದೆ. ರಬ್ಬರು ಪಟ್ಟಿಗೆ ಬೆವರು ಕೂತು ಕೆರೆತವಾಗುತ್ತದೆಂದು ಬಟ್ಟೆಯ ಪಟ್ಟಿ ಹಾಕಿಸಿದೆ. ಮಗುವಿನ ಕೆನ್ನೆಗೆ ತಾಗಿದರೂ ಗೀರುವುದಿಲ್ಲ. ಮನಸ್ಸಿನ ಒತ್ತಡವನ್ನೂ ಅಳೆಯುತ್ತದಂತೆ. ಅಲ್ಲೇ ಅಳೆದು, ನೀವು ಶಾಂತವಾಗಿದ್ದೀರಿ ಎಂದು ತೋರಿಸಿತು. ನಿಮ್ಮಪ್ಪ ಅದನ್ನು ಓದಿ ನನ್ನ ಮುಖ ನೋಡಿದರು, ಆಮೇಲೆ ದುಡ್ಡು ಕೊಡಲು ಹೋದರು.

ಪರೀಕ್ಷೆ ಮಾಡದೆ ನಿನ್ನ ಹತ್ತಿರ ಬರುವುದು ಹೇಗೆ? ಮೇಲಿನ ಮನೆಯ ಟೈಲರಮ್ಮನಿಗೆ ನಾಲ್ಕು ತಿಂಗಳ ಮಗುವಿದೆ. ಕೇಳಿದ ಕೂಡಲೇ ಒಪ್ಪಿದಳು. ಮಧ್ಯಾಹ್ನ ನಾನು ಲಾಂಡ್ರಿಯಿಂದ ಬಂದ ಮೇಲೆ ಮಗುವನ್ನು ನಮ್ಮ ಮಂಚದ ಪಕ್ಕ ಮಲಗಿಸಿ ಅವಳು ನಮ್ಮ ನಡುಮನೆಯಲ್ಲೇ ಕೂತು ಗುಂಡಿ ಹೊಲಿಯುತ್ತಿದ್ದಳು. ನಾನು ಮಷೀನು ತೆಗೆದು ಮಲಗುತ್ತಿದ್ದೆ. ಮೊದಲ ಸಲ ವಾಚು ನಡುಗಿತೆಂದು ಎದ್ದರೆ ಮಗು ನಿದ್ದೆಯಲ್ಲಿತ್ತು, ಕಿಟಕಿಯಾಚೆ ಬೆಕ್ಕು ಕೂಗಿತ್ತಂತೆ. ಎರಡನೇ ಸಲ ಎದ್ದಾಗ ನಿಜಕ್ಕೂ ಮಗು ಅಳುತ್ತಿತ್ತು, ಎತ್ತಿಕೊಂಡೆ, ಸುಮ್ಮನಾಯಿತು. ಮರುದಿನ ವಾಚು ನಡುಗಲೇ ಇಲ್ಲ. ನನ್ನನ್ನು ಎಬ್ಬಿಸಿದ್ದು ಟೈಲರಮ್ಮನ ಕೈ. ಮಗುವಿನ ಮುಖ ಕೆಂಪಗೆ ಊದಿತ್ತು, ಉಸಿರು ಬಿಕ್ಕುತ್ತಿತ್ತು. ನಿದ್ದೆಯಲ್ಲಿ ನನ್ನ ಹೊದಿಕೆ ಸರಿದು ಫೋನಿನ ಮೇಲೆ ಬಿದ್ದಿತ್ತು, ಅದಕ್ಕೆ ಅಳು ಕೇಳಿಸಿರಲಿಲ್ಲ. ಅವಳ ತುಟಿ ನೋಡಿದೆ. "ಪರವಾಗಿಲ್ಲ ಅಕ್ಕಾ," ಎಂದಳು. ಮಗುವನ್ನು ಎತ್ತಿಕೊಂಡು ಮೇಲೆ ಹೋದಳು. ನಾನು ಹಾಸಿಗೆ ಸರಿ ಮಾಡಿ, ಪಾತ್ರೆ ತೊಳೆದೆ. ಸಂಜೆ ನಿಮ್ಮಪ್ಪ ಕೇಳಿದ್ದಕ್ಕೆ ಎಲ್ಲ ಸರಿಯಾಯಿತು ಎಂದು ತಲೆಯಾಡಿಸಿದೆ.

ಅವಳು ಇನ್ನು ಬರುವುದಿಲ್ಲ ಅಂದುಕೊಂಡಿದ್ದೆ. ಮಾರನೇ ದಿನ ಅದೇ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದಳು, ಸೊಂಟದ ಮೇಲೆ ಮಗು, ಕೈಯಲ್ಲಿ ಒಂದು ಬಟ್ಟೆಯ ಚೀಲ. ಫೋನಿಡಲು ಹೊಲಿದದ್ದು, ಅದಕ್ಕೆ ಅಳು ಕೇಳುವಂತೆ ಮುಂದೆ ಬಲೆಬಟ್ಟೆ ಇಟ್ಟಿದ್ದಳು. ಗೋಡೆಯ ಮೊಳೆಗೆ ನೇತುಹಾಕಿ, ಇನ್ನು ಹೊದಿಕೆ ಬೀಳುವುದಿಲ್ಲ ಎಂದು ಕೈಸನ್ನೆ ಮಾಡಿದಳು. ಮಗುವನ್ನು ನನ್ನ ಮಡಿಲಿಗೆ ಹಾಕಿ ನಡುಮನೆಗೆ ಹೋಗಿ ಕೂತಳು. ಅಂದಿನಿಂದ ವಾಚು ತಪ್ಪಿಲ್ಲ. ಬೆಕ್ಕಿಗೆ ಒಂದೆರಡು ಸಲ ಎದ್ದಿದ್ದೇನೆ, ಎದ್ದರೇನಂತೆ ಬಿಡು.

ಬಿಸಿನೀರಿನ ಪಾತ್ರೆ ನೀನು ಎತ್ತಬೇಡ. ಅಳಿಯಂದಿರಿಗೆ ನನ್ನ ನೆನಪು ತಿಳಿಸು, ಪಾಳಿ ಮುಗಿಸಿ ಬಂದವರಿಗೆ ಮೊದಲು ನಿದ್ದೆ ಮಾಡಲು ಬಿಡು. ನೀವಿಬ್ಬರೂ, ಇನ್ನೂ ಮುಖ ತೋರಿಸದ ಆ ಮೂರನೆಯವರೂ ತಣ್ಣಗಿರಿ.

ನಿನ್ನ
ಅಮ್ಮ

ಮರೆತ ಮಾತು: ನಿಮ್ಮಪ್ಪ ಪೋಸ್ಟಿಗೆ ಹಾಕಲು ಚಪ್ಪಲಿ ಮೆಟ್ಟಿ ನಿಂತಿದ್ದಾರೆ. ನಾನು ಬರುತ್ತೇನೆ, ಆದರೆ ಒಂದು ದಿನ ವಾಚು ತಪ್ಪಿತೆಂಬುದನ್ನು ಅಳಿಯಂದಿರಿಗೂ ಓದಿ ಹೇಳು. ಮೊದಲ ಕೆಲವು ರಾತ್ರಿ ನೀನು ಪಕ್ಕದ ಕೋಣೆಯಲ್ಲಿ ಎಚ್ಚರವಿದ್ದು, ಮಗು ಅತ್ತಾಗ ಓಡಿಬರದೆ, ನಾನು ಏಳುತ್ತೇನೋ ಇಲ್ಲವೋ ನೋಡು. ಎದ್ದರೆ ಮಾತ್ರ ನನ್ನ ಕೈಗೆ ಬಿಟ್ಟು ಮಲಗು. ಇಷ್ಟೆಲ್ಲ ತಿಳಿದ ಮೇಲೆ ನೀವಿಬ್ಬರೂ ಬೇಡವೆಂದರೆ ನನಗೇನೂ ಬೇಜಾರಿಲ್ಲ ಎಂದು ಬರೆದಿದ್ದೆ, ಮೇಲೆ ಹೊಡೆದುಹಾಕಿರುವ ಸಾಲು ಅದೇ. ಬೇಜಾರಾಗುತ್ತದೆ, ಬಟಾಣಿ. ಬಹಳ ಬೇಜಾರಾಗುತ್ತದೆ.