ಆರೂವರೆಯ ಚುಕ್ಕೆ

ಮನೆ, ಅಡುಗೆಮನೆಯ ಮೇಜು
ಹದಿನೇಳನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೂ,

ಹೇಗಿದ್ದೀಯ? ಊಟ ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದೀಯ ತಾನೆ? ಕೆಮ್ಮು ಹೋಯಿತೇ? ಫೋನಿನಲ್ಲಾಗಿದ್ದರೆ ನೀನು ಈ ಮೂರಕ್ಕೂ ಸೇರಿಸಿ ಒಂದೇ ಒಂದು 'ಹ್ಞೂಂ' ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದೆ. ನಿನ್ನ ನಂಬರ್ ಸ್ವಿಚ್ ಆಫ್, ಮನೆಯವರ ಮೆಸೇಜ್ ಗುಂಪಿನಿಂದಲೂ ಎದ್ದು ಹೋಗಿದ್ದೀಯ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ, ನಿನ್ನ ಅಂಗಡಿಯ ವಿಳಾಸಕ್ಕೆ ಕಳಿಸುತ್ತೇನೆ. ಶಾಲೆ ಬಿಟ್ಟ ಮೇಲೆ ಇಷ್ಟುದ್ದ ಕೈಯಲ್ಲಿ ಬರೆದದ್ದೇ ಇಲ್ಲ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಚೀಟಿ ಬರೆಯುತ್ತೇನೆ ನಿಜ, ಆದರೆ ಅದೆಲ್ಲ ಬರೀ ಕಣ್ಣಿನ ನಂಬರು. ಇಲ್ಲಿ ತಪ್ಪಾದರೆ ಅಳಿಸುವ ಬಟನ್ ಇಲ್ಲ. ಗೀಚಿದ್ದನ್ನು ನೋಡಿ ನಗಬೇಡ. ಅಥವಾ ನಗು, ಪರವಾಗಿಲ್ಲ. ನೀನು ನಕ್ಕು ಬಹಳ ದಿನವಾಗಿರಬೇಕು.

ಅಪ್ಪ ಮತ್ತೆ ಬೇಕರಿಗೆ ಹೋಗತೊಡಗಿದ್ದಾರೆ. ಒಲೆಯ ಮುಂದೆ ನಿಂತರೆ ಯಾರೂ ಮಾತಾಡಿಸುವುದಿಲ್ಲ, ಅದೇ ಅವರಿಗೆ ಬೇಕಾಗಿದೆ. ಅವರ ಫೋನು ಇನ್ನೂ ಅಪ್‌ಡೇಟ್ ಮಾಡಲೇ ಎಂದು ದಿನಾ ಕೇಳುತ್ತದೆ, ಇವರು ದಿನಾ ಬೇಡ ಅನ್ನುತ್ತಾರೆ. "ಒಂದ್ಸಲ ಬೇಡ ಅಂದ್ರೆ ಮರ್ಯಾದೆಯಿಂದ ಸುಮ್ನಿರ್ಬೇಕು ತಾನೆ" ಎಂದು ಅದನ್ನೇ ಗದರಿಸುತ್ತಾರೆ. ಬಟ್ಟೆ ಒಗೆಯುವ ಹೊಸ ಮೆಷಿನ್ನು ಕೆಲಸ ಮುಗಿದ ಮೇಲೆ ಹಾಡು ಹೇಳುತ್ತದಲ್ಲ, ಅದಕ್ಕೆ ಅಮ್ಮ ಈಗಲೂ "ಬಂದೆ ಇರಪ್ಪ" ಎಂದು ಉತ್ತರ ಕೊಡುತ್ತಾಳೆ. ಇಂಥದ್ದನ್ನೆಲ್ಲ ಮೊದಲಾಗಿದ್ದರೆ ಆ ಕ್ಷಣವೇ ಗುಂಪಿಗೆ ಹಾಕುತ್ತಿದ್ದೆ. ಈಗ ಯಾರಿಗೆ ಹಾಕಲಿ? ನೆನಪಿದೆಯಾ, ಫೋನಿನಲ್ಲಿ ಜಾಗ ಇಲ್ಲ ಅನ್ನುತ್ತಿದೆ, ಚೀಲ ಎಲ್ಲಿ ಸಿಗುತ್ತೆ ಅಂತ ಅಪ್ಪ ಕೇಳಿದ್ದು? "ಅಪ್ಪಾ, ನಿಮ್ಮ ಹೆಬ್ಬೆರಳಿನ ಫೋಟೋನೇ ನಾನೂರು ಇದೆ, ಅಳಿಸಿ" ಅಂತ ನೀನು ಬರೆದೆ. ಅಣ್ಣ ಕೂಡಲೇ, "ಅಳಿಸ್ಬೇಡಿ, ಪೊಲೀಸ್‌ನೋರಿಗೆ ಬೇಕಾಗುತ್ತೆ" ಅಂದ. ಆ ದಿನ ಅಂಗಡಿಯಲ್ಲಿ ಒಬ್ಬರ ಕಣ್ಣು ಪರೀಕ್ಷೆ ಮಾಡುತ್ತಾ ನನಗೆ ನಗು ತಡೆಯಲಾಗಲಿಲ್ಲ, ಅವರು ತಮ್ಮ ಮೂಗನ್ನು ನೋಡಿ ನಕ್ಕೆ ಎಂದುಕೊಂಡು ಎದ್ದೇ ಹೋದರು. ಮೊನ್ನೆ ಆ ಸಾಲುಗಳನ್ನು ಹುಡುಕಿ ಮತ್ತೆ ಓದಿದೆ. ನಗು ಬರಲಿಲ್ಲ.

ಚುಕ್ಕೆಯ ವಿಷಯ ಬರೆಯದೆ ಬೇರೆಲ್ಲ ಬರೆದರೆ ನಿನಗೆ ಗೊತ್ತಾಗಿಬಿಡುತ್ತದೆ, ಅಕ್ಕ ತಪ್ಪಿಸಿಕೊಳ್ಳುತ್ತಿದ್ದಾಳೆ ಅಂತ. ಅದಕ್ಕೇ ಬರೆದುಬಿಡುತ್ತೇನೆ. ಅಮ್ಮನಿಗೆ ಫೋನಿನಲ್ಲಿ ಬರೆಯಲು ಬಂದದ್ದು ಅದೊಂದೇ, ಒಂದು ಚುಕ್ಕೆ. ನಾವು ಮೂವರೂ ಎಷ್ಟು ಗೇಲಿ ಮಾಡಿದರೂ ಅವಳು ಅದನ್ನೇ ಮನೆಯ ಕಾನೂನು ಮಾಡಿದಳು. ಬೆಳಿಗ್ಗೆ ಎದ್ದವರು ಗುಂಪಿನಲ್ಲಿ ಒಂದು ಚುಕ್ಕೆ ಇಡಬೇಕು. ಎದ್ದೆ, ಇದ್ದೇನೆ, ಅಷ್ಟೇ ಅರ್ಥ. ಇಡದಿದ್ದರೆ ಅಮ್ಮನ ಫೋನು. ಅಣ್ಣನಿಗೆ ಅದೇ ಪ್ರಾಣಸಂಕಟ. ಲಿಫ್ಟಿನಲ್ಲಿ ಸಿಕ್ಕಿಕೊಂಡವರನ್ನು ಯಾವ ಯಾವ ಹೊತ್ತಿನಲ್ಲೋ ಬಿಡಿಸಿ ಬಂದು ಮಲಗುವವನು, ಅಮ್ಮನ ಫೋನಿಗೆ ಎದ್ದು ಸಿಡಿಮಿಡಿ ಮಾಡುತ್ತಿದ್ದ. ಕಡೆಗೆ ನಿನ್ನ ಬೆನ್ನು ಬಿದ್ದ. ನೀನು ರಜೆಗೆ ಬಂದಿದ್ದಾಗ ಇದೇ ಮೇಜಿನ ಮೇಲೆ ಅವನ ಫೋನು ಇಟ್ಟುಕೊಂಡು, ಬೆಳಿಗ್ಗೆ ಆರೂವರೆಗೆ ತಾನಾಗಿಯೇ ಚುಕ್ಕೆ ಹೋಗುವ ಹಾಗೆ ಮಾಡಿಕೊಟ್ಟೆ. ನಮ್ಮ ಮೂವರದೇ ಇನ್ನೊಂದು ಗುಂಪಿನಲ್ಲಿ ಅವನು, "ಇನ್ಮೇಲೆ ಈ ಮನೇಲಿ ಬೇಗ ಏಳೋ ಮಗ ನಾನೇ" ಅಂತ ಮೆರೆದದ್ದೂ, "ಅಮ್ಮ ನಿನ್ನನ್ನ ನೋಡಿ ಕಲಿ ಅಂತ ನನಗೆ ಹೇಳೋದೊಂದು ಬಾಕಿ" ಅಂತ ನೀನು ಗೊಣಗಿದ್ದೂ ಎಲ್ಲ ಹಾಗೆಯೇ ಇದೆ.

ಆ ಶನಿವಾರ ಚುಕ್ಕೆ ಬಂತು. ಭಾನುವಾರವೂ ಬಂತು. ಅಣ್ಣ ಮಾತ್ರ ಶುಕ್ರವಾರ ಸಂಜೆಯೇ ಹೋಗಿಬಿಟ್ಟಿದ್ದ, ಕೆಲಸದ ಬೂಟು ಕೂಡ ಬಿಚ್ಚದೆ, ತನ್ನ ಬಾಡಿಗೆ ಕೋಣೆಯ ಕುರ್ಚಿಯಲ್ಲಿ. ಸೋಮವಾರ ಕೆಲಸಕ್ಕೆ ಬರಲಿಲ್ಲವೆಂದು ಅವನ ಮೇಸ್ತ್ರಿ ಹೋಗಿ ಬಾಗಿಲು ತೆಗೆಸಿದ ಮೇಲೆ ನಮಗೆ ಗೊತ್ತಾಯಿತು. ಡಾಕ್ಟರು ಹೇಳಿದ್ದನ್ನು ನೀನೂ ನಿಂತು ಕೇಳಿದ್ದೀಯ. ಎದೆಬಡಿತ ಒಮ್ಮೆಲೇ ನಿಂತಿದೆ, ಪಕ್ಕದಲ್ಲೇ ಯಾರಾದರೂ ಇದ್ದಿದ್ದರೂ ಉಳಿಸಿಕೊಳ್ಳಲು ಆಗುತ್ತಿರಲಿಲ್ಲ ಅಂದರು. ನೀನು ತಲೆ ಆಡಿಸಿದೆ, ಆದರೆ ನಿನ್ನ ಕಿವಿಗೆ ಅದು ಇಳಿಯಲಿಲ್ಲ ಅಂತ ನನಗೆ ಆಗಲೇ ಅನ್ನಿಸಿತ್ತು. ಎಲ್ಲ ಮುಗಿದ ಮರುದಿನ ಬೆಳಿಗ್ಗೆ ನಾವು ನಾಲ್ವರೂ ಹೊರಗಿನ ಕೋಣೆಯಲ್ಲಿ ಕೂತಿದ್ದೆವು. ಅವನ ಸಾಮಾನಿನ ಪೆಟ್ಟಿಗೆ ಬಾಗಿಲ ಹತ್ತಿರ ಇತ್ತು, ಅದರಲ್ಲಿದ್ದ ಫೋನನ್ನು ಅಮ್ಮ ರಾತ್ರಿಯೇ ಚಾರ್ಜಿಗೆ ಹಾಕಿದ್ದಳು. ನಾಲ್ಕೂ ಫೋನು ಒಟ್ಟಿಗೆ 'ಟಿಣ್' ಅಂದವು. ಅಣ್ಣನ ಚುಕ್ಕೆ. ನೀನು ಎದ್ದು ಚಪ್ಪಲಿ ಹಾಕಿಕೊಂಡೆ, ಟೀ ಕೂಡ ಕುಡಿಯದೆ ಬಸ್ ಹತ್ತಿದೆ. ಆಮೇಲೆ ನಿನ್ನ ದನಿ ನಾನು ಕೇಳಿಲ್ಲ.

ಕುಂಬಳಕಾಯಿ ಕಳ್ಳ ಎಂದು ಯಾರೂ ಅಂದಿಲ್ಲ ಪುಟ್ಟೂ, ನೀನೇ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೀಯ. ನಾನು ಮಾಡಿದ ಚುಕ್ಕೆಯಿಂದ ಅಮ್ಮ ಮೋಸ ಹೋದಳು, ಅದೊಂದು ಇಲ್ಲದಿದ್ದರೆ ಅಣ್ಣ ಎರಡು ದಿನ ಒಬ್ಬನೇ ಆ ಕುರ್ಚಿಯಲ್ಲಿ ಕೂತಿರುತ್ತಿರಲಿಲ್ಲ ಎಂದು ತಾನೇ ನಿನ್ನ ಕೊರಗು? ನನಗೂ ಅದೇ ಕೊರೆಯುತ್ತಿತ್ತು. ಅದಕ್ಕೆ ಕಳೆದ ವಾರ ಅಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಅವಳು ಬಟ್ಟೆ ಮಡಿಸುತ್ತಿದ್ದಳು. ಮಡಿಸುವುದನ್ನು ನಿಲ್ಲಿಸಲೂ ಇಲ್ಲ. "ಗೊತ್ತು ಕಣೇ" ಅಂದಳು. "ಅವನು ಹುಟ್ಟಿದ್ದೇ ಲೇಟಾಗಿ. ಶಾಲೆಗೆ ಲೇಟು, ಊಟಕ್ಕೆ ಲೇಟು. ಅಂಥೋನು ದಿನಾ ಒಂದು ನಿಮಿಷನೂ ಆಚೀಚೆ ಇಲ್ದೆ ಚುಕ್ಕೆ ಇಡ್ತಾನೆ ಅಂದ್ರೆ ನಾನು ನಂಬ್ತೀನಾ? ಮೊದಲನೇ ವಾರನೇ ಗೊತ್ತಾಯ್ತು, ಇದು ಚಿಕ್ಕವನ ಕೈಚಳಕ ಅಂತ." ಹಾಗಾದರೆ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. "ಹೇಳಿದ್ರೆ ತೆಗೆದುಬಿಡ್ತಿದ್ರಿ. ಅವನಿಗೆ ಒಂದಿಷ್ಟು ನಿದ್ದೆ ಸಿಗ್ತಿತ್ತು. ಇವನು ಅಣ್ಣನಿಗೋಸ್ಕರ ಊಟ ಬಿಟ್ಟು ಕೂತು ಮಾಡಿದ್ದ. ಆ ಚುಕ್ಕೆ ನೋಡಿದ್ರೆ ನನಗೆ ಇಬ್ಬರೂ ಒಟ್ಟಿಗೆ ಇದ್ದ ಹಾಗೆ ಅನ್ನಿಸ್ತಿತ್ತು" ಅಂದಳು.

ಆ ಶನಿವಾರವೂ ಭಾನುವಾರವೂ ಅವಳು ಅಣ್ಣನಿಗೆ ಫೋನ್ ಮಾಡಿದ್ದಳಂತೆ. ಎತ್ತಲಿಲ್ಲ. ರಜೆಯ ದಿನ ಅವನು ಯಾವತ್ತು ತಾನೆ ಎತ್ತಿದ್ದ? ಮಲಗಿರಬೇಕು, ಪಾಪ, ಮಲಗಲಿ ಎಂದುಕೊಂಡಳು. ಅವಳನ್ನು ಯಾವ ಚುಕ್ಕೆಯೂ ಏಮಾರಿಸಲಿಲ್ಲ ಕಣೋ. ಅವಳು ತನ್ನ ಮಗನನ್ನು ತಿಳಿದಿದ್ದಳು, ಅಷ್ಟೆ. ಇದನ್ನು ಹೇಳುವಾಗ ಮಾತ್ರ ಅವಳ ಕೈ ನಿಂತಿತು. ಮಡಿಸಿಟ್ಟ ಬಟ್ಟೆಯಲ್ಲಿ ಅಣ್ಣನ ಅಂಗಿ ಒಂದಿತ್ತು. ಇಬ್ಬರೂ ಅತ್ತೆವು, ಹೊಟ್ಟೆ ತುಂಬ ಅತ್ತೆವು.

ಇನ್ನು ನನ್ನ ಸಿಟ್ಟಿನ ಪಾಲು. ನಿನಗೆ ಅಣ್ಣ ಹೋದ ಹಾಗೆಯೇ ನನಗೂ ಹೋದ. ಅದರ ಮೇಲೆ ತಮ್ಮನನ್ನೂ ಅದೇ ವಾರ ಕಳಕೊಂಡವಳು ನಾನೊಬ್ಬಳೇ. ಸತ್ತವನ ಮೇಲೆ ಸಿಟ್ಟು ಮಾಡಲಾಗುವುದಿಲ್ಲ, ಅದಕ್ಕೇ ಎಲ್ಲವನ್ನೂ ನಿನ್ನ ಮೇಲೆ ಸುರಿಯುತ್ತಿದ್ದೇನೆ. ಊರವರ ಫೋನೆಲ್ಲ ರಿಪೇರಿ ಮಾಡಿಕೊಡುವವನು ತನ್ನದನ್ನು ಆಫ್ ಮಾಡಿ ಕೂರುವುದು ಯಾವ ನ್ಯಾಯ? ನೀನು ಎದುರಿಗಿದ್ದಿದ್ದರೆ ತಲೆಯ ಮೇಲೊಂದು ಮೊಟಕಿ ಆಮೇಲೆ ತಬ್ಬಿಕೊಳ್ಳುತ್ತಿದ್ದೆ. ಕಾಗದದಲ್ಲಿ ಎರಡೂ ಆಗುವುದಿಲ್ಲ.

ಅಪ್ಪ ಒಂದು ಬ್ರೆಡ್ಡು ಕಟ್ಟಿಕೊಡುತ್ತೇನೆ, ಕಾಗದದ ಜೊತೆ ಕಳಿಸು ಎಂದರು. ಅಂಚೆಯಲ್ಲಿ ಅದು ಇಟ್ಟಿಗೆಯಾಗುತ್ತದೆ ಅಂದೆ. ಹಾಗಾದರೆ ಬಂದೇ ತಿನ್ನಲಿ ಅಂದರು. ಅಪ್ಪ ಅಮ್ಮ ಇಬ್ಬರ ಆಶೀರ್ವಾದವೂ ನಿನ್ನ ಮೇಲಿದೆ, ಅದನ್ನು ಅವರು ಯಾವತ್ತೂ ಆಫ್ ಮಾಡುವವರಲ್ಲ. ಕೆಮ್ಮಿಗೆ ಬಿಸಿನೀರು ಕುಡಿ.

ನಿನ್ನ
ಅಕ್ಕ

ಲಕೋಟೆ ಅಂಟಿಸುವ ಮೊದಲು ಇದೊಂದು: ಅಣ್ಣನ ಫೋನು ಅಡುಗೆಮನೆಯ ಕಪಾಟಿನ ಮೇಲೆ ಇನ್ನೂ ನಡೆಯುತ್ತಿದೆ. ಅಮ್ಮನೇ ದಿನಾ ಚಾರ್ಜಿಗೆ ಹಾಕುತ್ತಾಳೆ. ಬೆಳಗಾದರೆ ಆರೂವರೆಗೆ ಚುಕ್ಕೆ ಬರುತ್ತದೆ. ನಿಲ್ಲಿಸಲು ನಾನು ಇಲ್ಲಿಯ ಅಂಗಡಿಗೆ ಒಯ್ಯಲು ಹೊರಟರೆ ಅಮ್ಮ ಕಿತ್ತುಕೊಂಡಳು, "ಹಾಕಿದವನೇ ಬಂದು ತೆಗೀಲಿ" ಅಂತ. ಇವತ್ತು ಬೆಳಿಗ್ಗೆ ಅದು ಬಂದಾಗ ಫೋನಿನ ತೆರೆಯನ್ನೇ ನೋಡುತ್ತಾ, "ಇಲ್ದೇ ಇರೋನ ಚುಕ್ಕೆ ದಿನಾ ಬರ್ತಿದೆ, ಇರೋನದು ಬರ್ತಿಲ್ಲ" ಅಂದಳು. ಗುಂಪಿಗೆ ಬಾ ಎಂದು ಕರೆ ಕಳಿಸಿದ್ದೇನೆ, ಫೋನು ಹಚ್ಚಿದರೆ ಕಾಣಿಸುತ್ತದೆ. ಆರೂವರೆಗೇ ಆಗಬೇಕೆಂದಿಲ್ಲ ಪುಟ್ಟೂ, ಮಧ್ಯಾಹ್ನವಾದರೂ ಸರಿ. ಕೈಯಾರೆ ಒಂದು ಇಡು.