ಜಗಲಿಯ ಕುರ್ಚಿ

ನುಕುಅಲೋಫಾ, ಮಂಗಳವಾರ

ಪ್ರೀತಿಯ ಹಾರ್ಪರ್ ಮೇಡಂ,

ಸಮಾಜಶಾಸ್ತ್ರದಲ್ಲಿ ಪಾಸಾದೆ. ಮದುವೆ, ಕುಟುಂಬದ ಪಾಠ ಶುರುವಾದ ದಿನ ನಾನು ಎದ್ದು ಹೊರಟಾಗ, ಊರಿಗೆ ಹೊಸಬರಾದ ನೀವು, "ಪಾಠ ಅಷ್ಟು ಬೇಜಾರಾಯ್ತೇನಮ್ಮಾ?" ಎಂದಿರಿ. ಹಿಂದಿನ ಬೆಂಚಿನಲ್ಲಿ ಅಣ್ಣ ಸೆಮಿಸಿ ಇದ್ದ. ಅಂಥ ಮಾತನ್ನು ಟೋಂಗಾದ ಅಣ್ಣ ತಂಗಿ ಒಂದೇ ಕೋಣೆಯಲ್ಲಿ ಕೂತು ಕೇಳುವುದಿಲ್ಲ. ಗೊತ್ತಾದ ಮೇಲೆ ನೀವು ನಗಲಿಲ್ಲ. ಕಿಟಕಿಯ ಹೊರಗೆ, ಜಗಲಿಯಲ್ಲಿ ನನಗೊಂದು ಕುರ್ಚಿ ಹಾಕಿಸಿ, ಗಂಟಲು ಕಟ್ಟುವಷ್ಟು ಗಟ್ಟಿಯಾಗಿ ಪಾಠ ಮಾಡಿದಿರಿ. ಮರೆಯಲಾರೆ.

ಈಗ ನಿಮ್ಮ ಮನಶ್ಶಾಸ್ತ್ರಕ್ಕೂ ಇಬ್ಬರೂ ಸೇರಿದ್ದೇವೆ. ಅಲ್ಲಿ ಹರೆಯದ ಪಾಠವಿದೆ. ದಯವಿಟ್ಟು ಆ ಕುರ್ಚಿ ತೆಗೆಸಬೇಡಿ. ಅಣ್ಣ ನನ್ನೆದುರು ಏನೂ ಆಡಿಲ್ಲ, ಅಮ್ಮನ ಹತ್ತಿರ ಅಂದನಂತೆ: "ಹೋದ ವರ್ಷ ಅವಳು ಹೊರಗೆ ಕೂತ್ಲು. ಈ ಸಲ ನಾನು ಕೂತ್ಕೋತೀನಿ."

ನಿಮ್ಮ ವಿದ್ಯಾರ್ಥಿನಿ,
ಲೋಸಾಲಿನೆ